ಓದುಗರ ಪ್ರಶ್ನೆ, ನಮ್ಮ ಉತ್ತರ: ಸಹಿಯಾದ ಮೇಲೆ ಬೇಕಾಗುವ ಒಪ್ಪಿಗೆ

ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ ಒಂದು ಉತ್ತರ ಬರೆಯುವಾಗ ‘ಒಪ್ಪಂದಕ್ಕೆ ಸಹಿಯಾಗಿದೆ, ಆದರೆ ಸ್ಥಿರೀಕರಣವಾಗಿಲ್ಲ’ ಎಂಬ ಮಾತನ್ನು ವಿವರಣೆಯಿಲ್ಲದೆ ಬಳಸಿದ್ದೆವು. ಅದರ ಅರ್ಥವೇನು, ನಮ್ಮ ದಿನನಿತ್ಯದ ಕಾಗದಪತ್ರಗಳಿಗೂ ಅದಕ್ಕೂ ಸಂಬಂಧವಿದೆಯೇ ಎಂದು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಪತ್ರ ಬರೆದಿದ್ದಾರೆ. ಎಲ್ಲ ಪತ್ರಗಳೂ ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಮುಟ್ಟುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಸಹಿ ಹಾಕಿದ ಮೇಲೂ ಒಪ್ಪಂದಕ್ಕೆ ಮತ್ತೊಂದು ಒಪ್ಪಿಗೆ ಏಕೆ ಬೇಕು? ಇದಕ್ಕೆ ಪುಸ್ತಕಗಳಲ್ಲಿ ಅನುಮೋದನೆ, ಅನುಸಮರ್ಥನೆ, ದೃಢೀಕರಣ, ಸ್ಥಿರೀಕರಣ ಎಂದು ನಾಲ್ಕು ಪದಗಳು ಸಿಗುತ್ತವೆ. ಯಾವುದು ಸರಿ? — ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ನಮ್ಮ ಕಡೆ ಸಂಬಂಧ ಮಾತಾಡಲು ಹೋದ ಹಿರಿಯರು ಎಷ್ಟೇ ಮೆಚ್ಚಿಕೊಂಡರೂ ‘ಮನೆಯಲ್ಲಿ ಎಲ್ಲರನ್ನೂ ಕೇಳಿ ತಿಳಿಸುತ್ತೇವೆ’ ಎಂದು ಹೇಳಿಯೇ ಎದ್ದು ಬರುತ್ತಾರೆ. ಮಾತಾಡಿದವರು ಒಬ್ಬರು, ಬಾಳಬೇಕಾದವರು ಇನ್ನೊಬ್ಬರು ಎಂಬ ಅರಿವು ಆ ಮಾತಿನಲ್ಲಿದೆ. ದೇಶದೇಶಗಳ ನಡುವಿನ ಒಪ್ಪಂದಕ್ಕೂ, ಒಬ್ಬರ ಪರವಾಗಿ ಇನ್ನೊಬ್ಬರು ಮಾಡುವ ವ್ಯಾಪಾರದ ಕರಾರಿಗೂ ಇದೇ ಅರಿವು ಆಧಾರ. ಮಾತುಕತೆಗೆ ಹೋದವರು ಕಾಗದದ ಮೇಲೆ ಸಹಿ ಹಾಕುವುದು ಮೊದಲ ಘಟ್ಟ. ಅದರ ಭಾರವನ್ನು ನಿಜವಾಗಿ ಹೊರಬೇಕಾದವರು ಅದನ್ನು ಓದಿ, ತಿಳಿದು, ‘ಇದು ನಮ್ಮದು, ಇದಕ್ಕೆ ನಾವು ಬದ್ಧರು’ ಎಂದು ವಿಧಿವತ್ತಾಗಿ ಹೇಳುವುದು ಎರಡನೆಯ ಘಟ್ಟ. ಈ ಎರಡನೆಯದೇ ಇಂಗ್ಲಿಷಿನವರು ರ್‍ಯಾಟಿಫಿಕೇಶನ್ ಎಂದು ಕರೆಯುವ ಕ್ರಿಯೆ.

ಪದಗಳ ವಿಚಾರದಲ್ಲಿ ನಮ್ಮ ಅಭಿಪ್ರಾಯ ಹೀಗಿದೆ. ಅನುಮೋದನೆ ಎಂಬುದು ಬಹಳ ವಿಶಾಲವಾದ ಪದ; ಕೆಲಸಕ್ಕೆ ಮೊದಲು ಕೊಡುವ ಒಪ್ಪಿಗೆಗೂ, ಕೆಲಸವಾದ ಮೇಲೆ ಕೊಡುವ ಒಪ್ಪಿಗೆಗೂ ಅದು ಸಲ್ಲುತ್ತದೆ. ಅದಕ್ಕಾಗಿಯೇ ಸರ್ಕಾರಿ ಕಚೇರಿಗಳಲ್ಲಿ ‘ಘಟನೋತ್ತರ’ ಎಂಬ ವಿಶೇಷಣವನ್ನು ಅದರ ಹಿಂದೆ ಸೇರಿಸಿ ಬರೆಯುವ ರೂಢಿಯಿದೆ. ದೃಢೀಕರಣ ಎಂದರೆ ಅಂಕಪಟ್ಟಿಯ ನಕಲು ನಿಜವಾದದ್ದೇ ಎಂದು ಅಧಿಕಾರಿ ಮೊಹರು ಹಾಕಿ ಕೊಡುವ ಕೆಲಸ ನೆನಪಾಗುವುದರಿಂದ, ಒಪ್ಪಂದದ ವಿಷಯಕ್ಕೆ ಅದನ್ನು ತರದಿರುವುದೇ ಒಳ್ಳೆಯದು. ಅನುಸಮರ್ಥನೆ ತಪ್ಪಲ್ಲ, ಆದರೆ ಓದುವವರಿಗೆ ಅದು ಯಾರನ್ನೋ ಬೆಂಬಲಿಸಿದ ಹಾಗೆ ಕೇಳಿಸುತ್ತದೆ. ಅಲುಗಾಡುವ ಸ್ಥಿತಿಯಲ್ಲಿದ್ದುದನ್ನು ಗಟ್ಟಿಯಾಗಿ ನಿಲ್ಲಿಸುವುದು ಎಂಬ ಅರ್ಥವಿರುವ ಸ್ಥಿರೀಕರಣವೇ ವಿಷಯಕ್ಕೆ ಹತ್ತಿರ. ಈ ಅಂಕಣದಲ್ಲಿ ಅದನ್ನೇ ಬಳಸುತ್ತೇವೆ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು: ಹಳೆಯ ಕನ್ನಡ ಶಾಸನಗಳಲ್ಲಿ ಸಹಿಗೆ ಇರುವ ಪದ ‘ಒಪ್ಪ’. ಒಪ್ಪಿದ್ದೇನೆ ಎಂಬುದರ ಗುರುತೇ ಒಪ್ಪ. ಹೊಯ್ಸಳರ ಶಾಸನಗಳ ಕೊನೆಯಲ್ಲಿ ‘ಮಲಪರೊಳ್ಗಂಡ’ ಎಂಬ ಬಿರುದು ಅರಸರ ಒಪ್ಪವಾಗಿ ನಿಲ್ಲುವುದನ್ನು ನಮ್ಮ ಜಿಲ್ಲೆಯ ಕಲ್ಲುಗಳಲ್ಲಿಯೇ ನೋಡಬಹುದು. ಅಂದಿನವರಿಗೆ ಸಹಿ ಬೇರೆ, ಸಮ್ಮತಿ ಬೇರೆ ಆಗಿರಲಿಲ್ಲ. ರಾಜನ ಒಪ್ಪ ಬಿದ್ದರೆ ಮುಗಿಯಿತು. ಸಹಿ ಹಾಕುವವರು ಪ್ರಭುಗಳಲ್ಲ, ಪ್ರತಿನಿಧಿಗಳು ಎಂಬ ವ್ಯವಸ್ಥೆ ಬಂದಾಗ ಈ ಎರಡು ಘಟ್ಟಗಳು ಬೇರೆಯಾದವು.

ಎರಡು ಘಟ್ಟಗಳ ನಡುವೆ ಎಷ್ಟು ಕಾಲ ಉರುಳಬಹುದು ಎಂಬುದಕ್ಕೆ ಭಾರತ ಮತ್ತು ಬಾಂಗ್ಲಾದೇಶದ ಭೂಗಡಿ ಒಪ್ಪಂದಕ್ಕಿಂತ ಮನಮುಟ್ಟುವ ನಿದರ್ಶನ ಸಿಗುವುದು ಕಷ್ಟ. ಇಂದಿರಾ ಗಾಂಧಿ ಮತ್ತು ಶೇಖ್ ಮುಜಿಬುರ್ ರಹಮಾನ್ 1974ರ ಮೇ 16ರಂದು ಅದಕ್ಕೆ ಸಹಿ ಹಾಕಿದರು. ಬಾಂಗ್ಲಾದೇಶ ಅದೇ ವರ್ಷ ಅದನ್ನು ಸ್ಥಿರೀಕರಿಸಿತು. ಭಾರತಕ್ಕೆ ಅಷ್ಟು ಸುಲಭವಾಗಿ ಆಗುತ್ತಿರಲಿಲ್ಲ. ದೇಶದ ನೆಲವನ್ನು ಬಿಟ್ಟುಕೊಡಬೇಕಾದರೆ ಸಂವಿಧಾನಕ್ಕೇ ತಿದ್ದುಪಡಿ ತರಬೇಕೆಂದು ಸುಪ್ರೀಂ ಕೋರ್ಟ್ ಬೇರುಬಾರಿ ಪ್ರಕರಣದಲ್ಲಿ 1960ರಲ್ಲಿಯೇ ಹೇಳಿತ್ತು. ಕೊನೆಗೆ 2015ರಲ್ಲಿ ಸಂವಿಧಾನದ 100ನೆಯ ತಿದ್ದುಪಡಿಗೆ ಸಂಸತ್ತು ಒಪ್ಪಿತು, ಜೂನ್ 6ರಂದು ಢಾಕಾದಲ್ಲಿ ಸ್ಥಿರೀಕರಣ ಪತ್ರಗಳು ಕೈಬದಲಾದವು, ಜುಲೈ 31ರ ನಡುರಾತ್ರಿ ಬಾಂಗ್ಲಾದೇಶದೊಳಗಿದ್ದ 111 ಭಾರತೀಯ ತುಂಡುಪ್ರದೇಶಗಳೂ ಭಾರತದೊಳಗಿದ್ದ 51 ಬಾಂಗ್ಲಾ ತುಂಡುಪ್ರದೇಶಗಳೂ ವಿನಿಮಯವಾದವು. ಸಹಿಗೂ ಸ್ಥಿರೀಕರಣಕ್ಕೂ ನಡುವೆ ಕಳೆದ 41 ವರ್ಷಗಳಲ್ಲಿ ಅಲ್ಲಿ ಹುಟ್ಟಿ ಬೆಳೆದವರಿಗೆ ಯಾವ ದೇಶದ ಶಾಲೆಯೂ, ಆಸ್ಪತ್ರೆಯೂ, ಪಡಿತರ ಚೀಟಿಯೂ ತಮ್ಮದೆಂದು ಹೇಳಿಕೊಳ್ಳುವ ಹಾಗೆ ಇರಲಿಲ್ಲ. ಈ ಎರಡನೆಯ ಘಟ್ಟವನ್ನು ಬರಿಯ ಔಪಚಾರಿಕತೆ ಎಂದು ತಳ್ಳಿಹಾಕುವವರು ಆ ಜನರನ್ನು ಒಮ್ಮೆ ನೆನೆಯಬೇಕು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ವಿಭಾಗವಾಗಿ ನನ್ನ ಪಾಲಿಗೆ ಬಂದ ತೋಟ ಸಕಲೇಶಪುರದ ಬಳಿ ಇದೆ, ಅಣ್ಣ ನೋಡಿಕೊಳ್ಳುತ್ತಾನೆ. ಈ ವರ್ಷ ಅವನು ನನ್ನನ್ನು ಕೇಳದೆ, ನನ್ನ ಪರವಾಗಿ ಎಂದು ಬರೆದು, ನನ್ನ ತೋಟದ ಕರಿಮೆಣಸಿಗೆ ವ್ಯಾಪಾರಿಯೊಬ್ಬರೊಡನೆ ಕರಾರು ಮಾಡಿಕೊಂಡ. ಮುಂಗಡ ನನ್ನ ಖಾತೆಗೆ ಬಂತು. ಈ ಸಾಲಿನ ಬೆಳೆಯ ಮುಂಗಡವೆಂದುಕೊಂಡು ಆಳುಗಳ ಬಟವಾಡೆಗೆ ಬಳಸಿದೆ. ಈಗ ಕಾಗದ ತರಿಸಿ ನೋಡಿದರೆ ಮೂರು ವರ್ಷಗಳ ಬೆಳೆಯನ್ನೂ ಒಂದೇ ದರಕ್ಕೆ ಕೊಡಬೇಕೆಂದಿದೆ. ನಾನು ಬದ್ಧಳೇ? — ಹೆಸರು ಬೇಡವೆಂದವರು

ಉತ್ತರ: ನಿಮ್ಮ ಪ್ರಶ್ನೆಗೆ 1872ರ ಭಾರತೀಯ ಕರಾರು ಅಧಿನಿಯಮದ 196ರಿಂದ 200ರವರೆಗಿನ ಐದು ಪ್ರಕರಣಗಳಲ್ಲಿ (ಸೆಕ್ಷನ್‌ಗಳಲ್ಲಿ) ಉತ್ತರವಿದೆ. ಮಲೆನಾಡಿನಲ್ಲಿ ತೋಟ ಒಬ್ಬರದು, ಉಸ್ತುವಾರಿ ಇನ್ನೊಬ್ಬರದು ಎಂಬ ಏರ್ಪಾಡು ಮನೆಮನೆಯಲ್ಲಿಯೂ ಇರುವುದರಿಂದ ಈ ಐದನ್ನು ಎಲ್ಲ ಬೆಳೆಗಾರರೂ ತಿಳಿದಿರಬೇಕೆಂಬುದು ನಮ್ಮ ಆಸೆ. ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇವೆ.

ಒಬ್ಬರ ಅಪ್ಪಣೆಯಾಗಲಿ ತಿಳಿವಳಿಕೆಯಾಗಲಿ ಇಲ್ಲದೆ ಅವರ ಪರವಾಗಿ ಇನ್ನೊಬ್ಬರು ಒಂದು ಕೆಲಸ ಮಾಡಿದಾಗ, ಅದನ್ನು ತನ್ನದೆಂದು ಒಪ್ಪಿಕೊಳ್ಳುವ ಅಥವಾ ತನ್ನದಲ್ಲವೆಂದು ತಳ್ಳಿಹಾಕುವ ಆಯ್ಕೆ ಆ ಮೊದಲನೆಯವರಿಗೆ ಇರುತ್ತದೆ. ಒಪ್ಪಿಕೊಂಡರೆ, ಮೊದಲೇ ಅಧಿಕಾರ ಕೊಟ್ಟು ಮಾಡಿಸಿದ್ದರೆ ಹೇಗೋ ಹಾಗೆಯೇ ಪರಿಣಾಮ. ಅಂದರೆ ಒಪ್ಪಿದ ದಿನದಿಂದಲ್ಲ, ಕರಾರು ಆದ ದಿನದಿಂದಲೇ ಅದು ಕಟ್ಟುತ್ತದೆ. ನಿಮ್ಮ ಅಣ್ಣ ‘ತಂಗಿಯ ಪರವಾಗಿ’ ಎಂದು ಬರೆದಿರುವುದು ಇಲ್ಲಿ ಮುಖ್ಯ. ತನ್ನದೇ ಬೆಳೆ ಎಂಬಂತೆ ತನ್ನ ಹೆಸರಿನಲ್ಲಿ ಬರೆದುಕೊಟ್ಟಿದ್ದರೆ ನೀವು ಸ್ಥಿರೀಕರಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ.

ಒಪ್ಪಿಗೆಯನ್ನು ಬಾಯಲ್ಲಿ ಹೇಳಬೇಕೆಂದಿಲ್ಲ, ನಡತೆಯಿಂದಲೂ ಅದು ತೋರಬಹುದು ಎನ್ನುವುದು 197ನೆಯ ಪ್ರಕರಣ. ಕಾಯಿದೆಯೇ ಒಂದು ದೃಷ್ಟಾಂತ ಕೊಡುತ್ತದೆ: ನಿಮ್ಮ ಹಣವನ್ನು ನಿಮ್ಮ ಅಪ್ಪಣೆಯಿಲ್ಲದೆ ಒಬ್ಬರು ಸಾಲ ಕೊಟ್ಟರು, ಆಮೇಲೆ ಸಾಲಗಾರನಿಂದ ನೀವು ಬಡ್ಡಿ ತೆಗೆದುಕೊಂಡಿರಿ, ಸಾಲ ಕೊಟ್ಟದ್ದನ್ನು ನೀವು ಒಪ್ಪಿದಿರಿ ಎಂದೇ ಅರ್ಥ. ಮುಂಗಡವನ್ನು ಬಟವಾಡೆಗೆ ಬಳಸಿದ್ದನ್ನು ವ್ಯಾಪಾರಿ ಇದೇ ರೀತಿ ಎತ್ತಿ ಹಿಡಿಯುವುದು ಖಂಡಿತ. ಅರ್ಧ ಒಪ್ಪುತ್ತೇನೆ, ಅರ್ಧ ಒಲ್ಲೆ ಎನ್ನುವುದಕ್ಕೂ 199ನೆಯ ಪ್ರಕರಣದಲ್ಲಿ ಎಡೆಯಿಲ್ಲ. ವ್ಯವಹಾರದ ಒಂದು ಭಾಗವನ್ನು ಸ್ಥಿರೀಕರಿಸಿದರೆ ಇಡೀ ವ್ಯವಹಾರವನ್ನು ಸ್ಥಿರೀಕರಿಸಿದಂತೆ. ಮುಂಗಡ ಇಟ್ಟುಕೊಂಡು ಮೂರು ವರ್ಷದ ಷರತ್ತನ್ನು ಮಾತ್ರ ಬಿಡುತ್ತೇನೆ ಎಂದರೆ ನಡೆಯುವುದಿಲ್ಲ.

ಹಾಗಾದರೆ ನಿಮಗೆ ದಾರಿಯಿಲ್ಲವೇ? ಇದೆ. ಇಡೀ ವಿಷಯದ ಜೀವ ಇರುವುದು 198ನೆಯ ಪ್ರಕರಣದಲ್ಲಿ: ಮುಖ್ಯ ಸಂಗತಿಗಳ ತಿಳಿವಳಿಕೆ ದೋಷಯುಕ್ತವಾಗಿದ್ದವರು ಮಾಡಿದ ಸ್ಥಿರೀಕರಣ ಸ್ಥಿರೀಕರಣವೇ ಅಲ್ಲ. ಹಣ ಬಳಸಿದಾಗ ಅದು ಒಂದು ಸಾಲಿನ ಬೆಳೆಯ ಮುಂಗಡವೆಂದೇ ನೀವು ತಿಳಿದಿದ್ದಿರಿ. ಮೂರು ವರ್ಷ, ಒಂದೇ ದರ ಎಂಬುದು ಸಣ್ಣ ವಿವರವಲ್ಲ. ಕರಾರಿನ ತಿರುಳೇ ಅದು. ಕರಿಮೆಣಸಿನ ಬೆಲೆ ಒಂದು ವರ್ಷದಿಂದ ಇನ್ನೊಂದಕ್ಕೆ ಹೇಗೆ ಏರಿಳಿಯುತ್ತದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಆದ್ದರಿಂದ ತಿಳಿಯದೆ ಮಾಡಿದ ಆ ನಡತೆ ನಿಮ್ಮನ್ನು ಕಟ್ಟುವುದಿಲ್ಲ ಎಂದು ವಾದಿಸಲು ನಿಮಗೆ ಗಟ್ಟಿಯಾದ ನೆಲೆಯಿದೆ. ಆದರೆ ಕಾಗದ ನೋಡಿದ ದಿನದಿಂದ ನಿಮ್ಮ ಸ್ಥಿತಿ ಬದಲಾಗಿದೆ. ಈಗ ನಿಮಗೆ ಎಲ್ಲವೂ ಗೊತ್ತು. ಇನ್ನು ಮುಂದೆ ಸುಮ್ಮನಿದ್ದರೆ, ಮತ್ತೊಂದು ಕಂತು ಪಡೆದರೆ, ಅಥವಾ ಮೆಣಸು ತೂಕ ಮಾಡಿಸಿ ಕಳುಹಿಸಿದರೆ, ಅದು ತಿಳಿದು ಮಾಡಿದ ಒಪ್ಪಿಗೆಯಾಗುತ್ತದೆ. ಕರಾರು ಒಪ್ಪಿಲ್ಲವೆಂದೂ, ಅಣ್ಣನಿಗೆ ಅಧಿಕಾರಪತ್ರ ಕೊಟ್ಟಿರಲಿಲ್ಲವೆಂದೂ, ಮುಂಗಡವನ್ನು ಹಿಂದಿರುಗಿಸಲು ಸಿದ್ಧಳೆಂದೂ ವ್ಯಾಪಾರಿಗೆ ಕೂಡಲೇ, ತಲುಪಿದ್ದಕ್ಕೆ ದಾಖಲೆ ಸಿಗುವಂಥ ಅಂಚೆಯಲ್ಲಿ ಬರೆಯಿರಿ, ಬರೆಯುವ ಮೊದಲು ಕಾಗದವನ್ನು ವಕೀಲರಿಗೆ ತೋರಿಸಿ. ಹಿಂದಿನ ವರ್ಷಗಳಲ್ಲಿ ಅಣ್ಣ ಇದೇ ವ್ಯಾಪಾರಿಗೆ ನಿಮ್ಮ ಬೆಳೆ ಮಾರಿದ್ದು, ನೀವು ತಕರಾರಿಲ್ಲದೆ ಹಣ ಪಡೆಯುತ್ತಾ ಬಂದಿದ್ದರೆ, ಅವನಿಗೆ ಅಧಿಕಾರವಿತ್ತೆಂದೇ ವ್ಯಾಪಾರಿ ನಂಬಿದ್ದ ಎಂಬ ವಾದ ಬರಬಹುದು. ಆ ವಿವರವನ್ನು ವಕೀಲರಿಂದ ಮುಚ್ಚಿಡಬೇಡಿ. ಆಸ್ತಿ ವಿಭಾಗವಾಗದೆ ಅಣ್ಣನೇ ಕುಟುಂಬದ ಕರ್ತನಾಗಿದ್ದರೆ ಈ ಉತ್ತರ ಬೇರೆಯೇ ಆಗುತ್ತಿತ್ತು ಎಂಬುದನ್ನು ಇತರ ಓದುಗರು ಗಮನಿಸಬೇಕು.

ಅಣ್ಣನ ಮೇಲೆ ಕೋಪ ಬೇಡ ಎಂದು ನೀವು ಪತ್ರದ ಕೊನೆಯಲ್ಲಿ ಬರೆದಿರುವುದು ನಮಗೆ ಹಿಡಿಸಿತು. ಮುಂದಿನ ಸಾಲಿಗೆ ಅವನಿಗೆ ಯಾವ ಕೆಲಸಕ್ಕೆ, ಎಷ್ಟು ಅವಧಿಗೆ ಅಧಿಕಾರವಿದೆ ಎಂಬುದನ್ನು ಬರವಣಿಗೆಯಲ್ಲಿ ಕೊಟ್ಟುಬಿಡಿ.

ಪ್ರಶ್ನೆ: ಹದಿನೇಳನೆಯ ವಯಸ್ಸಿನಲ್ಲಿ ಬರೆದುಕೊಟ್ಟ ಸಾಲಪತ್ರವನ್ನು ಹದಿನೆಂಟು ತುಂಬಿದ ಮೇಲೆ ಒಪ್ಪಿಕೊಂಡರೆ ಅದು ಊರ್ಜಿತವಾಗುತ್ತದೆಯೇ? — ತರೀಕೆರೆ

ಉತ್ತರ: ಇಲ್ಲ. ಅಪ್ರಾಪ್ತ ವಯಸ್ಕರ ಕರಾರು ಮೊದಲಿನಿಂದಲೇ ಶೂನ್ಯವೆಂದು, ಬ್ರಿಟಿಷರ ಕಾಲದಲ್ಲಿ ನಮ್ಮ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ ತೀರ್ಮಾನಿಸಿದೆ. ಇಲ್ಲದಿದ್ದುದನ್ನು ಸ್ಥಿರಪಡಿಸಲಾಗದು. ಪ್ರಾಪ್ತ ವಯಸ್ಕರಾದ ಮೇಲೆ ಹೊಸ ಪ್ರತಿಫಲದೊಡನೆ (ಅಂದರೆ ಕರಾರಿಗೆ ಬದಲಾಗಿ ಹೊಸದಾಗಿ ಏನನ್ನಾದರೂ ಪಡೆದು) ಹೊಸ ಕರಾರನ್ನೇ ಮಾಡಿಕೊಳ್ಳಬೇಕು.

ಪ್ರಶ್ನೆ: ನಮ್ಮ ಸಂಘದ ಕಾರ್ಯದರ್ಶಿಯವರು ಆಡಳಿತ ಸಮಿತಿಗೆ ತಿಳಿಸದೆ ಗೋದಾಮಿನ ಬಾಡಿಗೆ ಕರಾರಿಗೆ ಸಹಿ ಹಾಕಿದರು. ಮುಂದಿನ ಸಭೆಯಲ್ಲಿ ‘ಹಿಂದಿನ ನಡವಳಿಯನ್ನು ಓದಿ ಸ್ಥಿರೀಕರಿಸಲಾಯಿತು’ ಎಂದು ಬರೆದಿದೆ. ಬಾಡಿಗೆ ಕರಾರಿಗೂ ಒಪ್ಪಿಗೆ ಸಿಕ್ಕಂತಾಯಿತೇ? — ಸಂಘವೊಂದರ ಸದಸ್ಯರು, ಮೂಡಿಗೆರೆ

ಉತ್ತರ: ಆಗಲಿಲ್ಲ. ಒಂದೇ ಪದವನ್ನು ಎರಡು ಕೆಲಸಗಳಿಗೆ ಬಳಸುವುದರಿಂದ ಆಗುವ ಗೊಂದಲವಿದು. ನಡವಳಿಯನ್ನು ಸ್ಥಿರೀಕರಿಸುವುದೆಂದರೆ ‘ಅಂದು ನಡೆದದ್ದನ್ನು ಸರಿಯಾಗಿ ಬರೆದಿದ್ದಾರೆ’ ಎಂದು ಹೇಳುವುದು ಮಾತ್ರ. ನಡೆದದ್ದು ಸರಿ ಎಂದು ಹೇಳುವುದಲ್ಲ. ಬಾಡಿಗೆ ಕರಾರನ್ನು ಸಂಘದ್ದಾಗಿ ಒಪ್ಪಬೇಕಾದರೆ ಅದನ್ನೇ ಕಾರ್ಯಸೂಚಿಯಲ್ಲಿ ಪ್ರತ್ಯೇಕ ವಿಷಯವಾಗಿ ತಂದು, ಕರಾರುಪತ್ರವನ್ನು ಸದಸ್ಯರ ಮುಂದಿಟ್ಟು, ಬಾಡಿಗೆ ಎಷ್ಟು, ಅವಧಿ ಎಷ್ಟು, ಠೇವಣಿ ಎಷ್ಟು ಎಂದು ಓದಿಹೇಳಿ ಠರಾವು ಮಾಡಬೇಕು. ‘ಕಾರ್ಯದರ್ಶಿಯವರ ಎಲ್ಲ ಕ್ರಮಗಳಿಗೂ ಘಟನೋತ್ತರ ಅನುಮೋದನೆ ನೀಡಲಾಯಿತು’ ಎಂದು ಒಂದು ಸಾಲಿನಲ್ಲಿ ಬರೆದು ಮುಗಿಸುವ ಪದ್ಧತಿಯನ್ನು ನಾವು ಅನೇಕ ಸಂಘಗಳ ಪುಸ್ತಕಗಳಲ್ಲಿ ನೋಡಿ ನೊಂದಿದ್ದೇವೆ. ಏನನ್ನು ಒಪ್ಪುತ್ತಿದ್ದೇವೆಂದು ತಿಳಿಯದವರು ಕೈಯೆತ್ತಿದರೆ ಅದು ಒಪ್ಪಿಗೆಯಾಗುವುದಿಲ್ಲ. ಸಂಘದ ಬೈಲಾ ಪ್ರಕಾರ ಸಂಘವೇ ಮಾಡಲಾಗದ ಕೆಲಸವನ್ನಂತೂ ಎಲ್ಲ ಸದಸ್ಯರೂ ಒಕ್ಕೊರಲಿನಿಂದ ಒಪ್ಪಿದರೂ ಸ್ಥಿರೀಕರಿಸಲು ಬರುವುದಿಲ್ಲ.

ಪ್ರಶ್ನೆ: ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳೊಡನೆ ಆದ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ನಮ್ಮ ಕಾಫಿ, ಮೆಣಸು ಸೇರಿದ್ದವು. ಅದನ್ನು ಸಂಸತ್ತು ಒಪ್ಪಿತ್ತೇ? ಅಮೆರಿಕದಲ್ಲಿ ಮೇಲ್ಮನೆಯಾದ ಸೆನೆಟ್ ಒಪ್ಪದೆ ಒಪ್ಪಂದ ನಡೆಯುವುದಿಲ್ಲವಂತೆ, ನಮ್ಮಲ್ಲಿ ಏಕೆ ಹಾಗಿಲ್ಲ? — ನಿವೃತ್ತ ಶಿಕ್ಷಕರು, ಕೊಪ್ಪ

ಉತ್ತರ: ಆ ಸರಕು ವ್ಯಾಪಾರ ಒಪ್ಪಂದಕ್ಕೆ 2009ರ ಆಗಸ್ಟ್ 13ರಂದು ಬ್ಯಾಂಕಾಕಿನಲ್ಲಿ ಸಹಿಯಾಯಿತು, 2010ರ ಜನವರಿ 1ರಿಂದ ಜಾರಿಗೆ ಬಂತು. ಕಾಫಿ, ಕಪ್ಪು ಚಹಾ, ಕರಿಮೆಣಸು ಮತ್ತು ತಾಳೆ ಎಣ್ಣೆಯನ್ನು ‘ವಿಶೇಷ ಉತ್ಪನ್ನ’ಗಳೆಂದು ಗುರುತಿಸಿ ಅವುಗಳ ಸುಂಕವನ್ನು ನಿಧಾನವಾಗಿ ಇಳಿಸುವ ಏರ್ಪಾಡಾಯಿತು. ಸಂಸತ್ತಿನ ಮುಂದೆ ಅದು ಮತಕ್ಕೆ ಬರಲಿಲ್ಲ. ಬರಬೇಕೆಂಬ ನಿಯಮವೂ ನಮ್ಮಲ್ಲಿಲ್ಲ. ವಿದೇಶಗಳೊಡನೆ ಒಪ್ಪಂದ ಮಾಡಿಕೊಳ್ಳುವುದು ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರಪಟ್ಟಿಯಲ್ಲಿ 14ನೆಯ ವಿಷಯ. ಅದರ ಬಗ್ಗೆ ಕಾನೂನು ಮಾಡುವ ಅಧಿಕಾರ ಸಂಸತ್ತಿಗಿದೆ. ಆದರೆ ಅಂಥ ಕಾನೂನು ಆಗಿಲ್ಲದ ಕಾರಣ 73ನೆಯ ಅನುಚ್ಛೇದದಂತೆ ಕೇಂದ್ರದ ಕಾರ್ಯಾಂಗವೇ ಆ ಅಧಿಕಾರವನ್ನು ಚಲಾಯಿಸುತ್ತಿದೆ. ಸ್ಥಿರೀಕರಣ ಬೇಕಾದಲ್ಲಿ ಮಂತ್ರಿಮಂಡಲ ಒಪ್ಪುತ್ತದೆ, ರಾಷ್ಟ್ರಪತಿಗಳ ಹೆಸರಿನಲ್ಲಿ ಸ್ಥಿರೀಕರಣ ಪತ್ರ ಸಿದ್ಧವಾಗುತ್ತದೆ. ಹವಾಮಾನದ ಪ್ಯಾರಿಸ್ ಒಪ್ಪಂದಕ್ಕೆ ಭಾರತ 2016ರ ಏಪ್ರಿಲ್ 22ರಂದು ಸಹಿ ಹಾಕಿ ಅದೇ ವರ್ಷ ಗಾಂಧಿ ಜಯಂತಿಯಂದು ಸ್ಥಿರೀಕರಿಸಿದ್ದು ಈ ದಾರಿಯಲ್ಲಿಯೇ.

ಅಮೆರಿಕದ ಸಂವಿಧಾನವು ಹಾಜರಿರುವ ಸೆನೆಟರುಗಳಲ್ಲಿ ಮೂರನೇ ಎರಡರಷ್ಟು ಜನರ ಒಪ್ಪಿಗೆ ಕೇಳುತ್ತದೆ. ಮೊದಲ ಮಹಾಯುದ್ಧದ ನಂತರದ ವರ್ಸಾಯ್ ಒಪ್ಪಂದವನ್ನು ಅಧ್ಯಕ್ಷ ವುಡ್ರೊ ವಿಲ್ಸನ್ ಸ್ವತಃ ಮಾತಾಡಿ ಮುಗಿಸಿ ಬಂದರೂ ಸೆನೆಟ್ 1919ರಲ್ಲಿಯೂ 1920ರಲ್ಲಿಯೂ ಅದನ್ನು ಒಪ್ಪಲಿಲ್ಲ. ಆ ಒಪ್ಪಂದದಿಂದ ಹುಟ್ಟಿದ, ಇಂದಿನ ವಿಶ್ವಸಂಸ್ಥೆಗೆ ಮೊದಲಿದ್ದ, ಅವರೇ ಕನಸು ಕಂಡ ರಾಷ್ಟ್ರಸಂಘದೊಳಗೆ ಅವರ ದೇಶವೇ ಇರಲಿಲ್ಲ. ಹಾಗೆಂದು ಅಲ್ಲಿಯೂ ಎಲ್ಲ ಒಪ್ಪಂದಗಳು ಸೆನೆಟಿಗೆ ಹೋಗುವುದಿಲ್ಲ, ವ್ಯಾಪಾರ ಒಪ್ಪಂದಗಳಿಗೆ ಬೇರೆ ದಾರಿಗಳಿವೆ.

ನಮ್ಮಲ್ಲಿ ಸಂಸತ್ತಿನ ಪಾತ್ರ ಬರುವುದು ಒಪ್ಪಂದವನ್ನು ನೆಲದ ಕಾನೂನಾಗಿ ಇಳಿಸುವಾಗ. 253ನೆಯ ಅನುಚ್ಛೇದದಂತೆ, ಒಪ್ಪಂದವನ್ನು ಜಾರಿಗೊಳಿಸಲು, ರಾಜ್ಯಗಳಿಗೆ ಬಿಟ್ಟ ರಾಜ್ಯಪಟ್ಟಿಯ ವಿಷಯದಲ್ಲಿಯೂ ಸಂಸತ್ತು ಕಾನೂನು ಮಾಡಬಹುದು. ಕೃಷಿ ರಾಜ್ಯಪಟ್ಟಿಯಲ್ಲಿದೆ ಎಂಬುದನ್ನು ನೆನೆದರೆ ನಿಮ್ಮ ಪ್ರಶ್ನೆಯ ತೂಕ ತಿಳಿಯುತ್ತದೆ. ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರ ವರದಿಯಲ್ಲಿ, ರಾಜ್ಯಪಟ್ಟಿಯ ವಿಷಯಗಳಲ್ಲಿ ರಾಜ್ಯಗಳ ಹಿತವನ್ನು ಗಾಢವಾಗಿ ತಟ್ಟುವ ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಕೇಂದ್ರವೂ ರಾಜ್ಯಗಳೂ ಕೂಡಿ ಚರ್ಚಿಸುವ ಅಂತರರಾಜ್ಯ ಪರಿಷತ್ತಿನೊಡನೆ ಸಮಾಲೋಚಿಸುವುದನ್ನು ಪರಿಗಣಿಸಬೇಕೆಂದು ಹೇಳಿತ್ತು. ನಮ್ಮ ನಿಲುವು ಅದಕ್ಕಿಂತ ಒಂದು ಹೆಜ್ಜೆ ಮುಂದಿದೆ. ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ಒಬ್ಬ ತೋಟದ ಒಡತಿಗೆ ಕಾನೂನು ರಕ್ಷಣೆ ಕೊಡುವುದಾದರೆ, ಲಕ್ಷಾಂತರ ಬೆಳೆಗಾರರ ಬದುಕನ್ನು ಬದಲಿಸುವ ಒಪ್ಪಂದದ ಪಠ್ಯ ಸಹಿಗೂ ಜಾರಿಗೂ ನಡುವೆ ಸಂಸತ್ತಿನ ಮೇಜಿನ ಮೇಲೆ ಕೆಲವು ವಾರಗಳಾದರೂ ಇರಬೇಕು, ರಾಜ್ಯಗಳು ಅದನ್ನು ಓದಿ ಮಾತಾಡಬೇಕು. ಬ್ರಿಟನ್ನಿನಲ್ಲಿ ಸ್ಥಿರೀಕರಣಕ್ಕೆ ಮೊದಲು 21 ಕಲಾಪದಿನಗಳ ಕಾಲ ಒಪ್ಪಂದವನ್ನು ಪಾರ್ಲಿಮೆಂಟಿನ ಮುಂದಿಡಬೇಕೆಂದು 2010ರಿಂದ ಕಾನೂನೇ ಇದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಸಹಿ ಹಾಕಿ, ಸ್ಥಿರೀಕರಿಸದೆ ಬಿಟ್ಟ ಒಪ್ಪಂದಗಳೂ ನಮ್ಮಲ್ಲಿವೆ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ ಸಹಿ ಹಾಕಿದ್ದು 1997ರಲ್ಲಿ; ಸ್ಥಿರೀಕರಣ ಇನ್ನೂ ಆಗಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಬಾಲಕಾರ್ಮಿಕ ವಿರೋಧಿ ಒಡಂಬಡಿಕೆಗಳಾದ 138 ಮತ್ತು 182ನ್ನು 2017ರಲ್ಲಿ ಸ್ಥಿರೀಕರಿಸಿದರೂ, ಸಂಘ ಕಟ್ಟುವ ಮತ್ತು ಸಾಮೂಹಿಕವಾಗಿ ಚೌಕಾಸಿ ಮಾಡುವ ಹಕ್ಕಿನ 87 ಮತ್ತು 98ನೆಯ ಒಡಂಬಡಿಕೆಗಳನ್ನು ಸ್ಥಿರೀಕರಿಸಿಲ್ಲ. ತೋಟ ಕಾರ್ಮಿಕರು ಹೆಚ್ಚಿರುವ ನಿಮ್ಮ ಜಿಲ್ಲೆಯಲ್ಲಿ ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳುವವರು ಇರಬೇಕು. ಸಹಿ ಮಾತ್ರ ಆಗಿದ್ದರೂ ಅದು ಪೂರ್ತಿ ವ್ಯರ್ಥವಲ್ಲ. ಸಹಿ ಹಾಕಿದ ದೇಶ ಒಪ್ಪಂದದ ಉದ್ದೇಶವನ್ನೇ ಕೆಡಿಸುವ ಕೆಲಸ ಮಾಡಬಾರದೆಂದು ಒಪ್ಪಂದಗಳ ಕಾನೂನನ್ನೇ ಕುರಿತ 1969ರ ವಿಯೆನ್ನಾ ಒಡಂಬಡಿಕೆಯ 18ನೆಯ ವಿಧಿ ಹೇಳುತ್ತದೆ. ಸ್ಥಿರೀಕರಿಸಿದ ಒಪ್ಪಂದದ ಬಲ ಎಷ್ಟೆಂಬುದನ್ನು ವಿಶಾಖಾ ಪ್ರಕರಣ ತೋರಿಸಿತು: ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ಒಡಂಬಡಿಕೆಯನ್ನು ಭಾರತ 1993ರಲ್ಲಿ ಸ್ಥಿರೀಕರಿಸಿತ್ತು, ದೇಶದಲ್ಲಿ ಕಾನೂನು ಇರಲಿಲ್ಲ; ಆ ಖಾಲಿ ಜಾಗದಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಅದೇ ಒಡಂಬಡಿಕೆಯ ಆಸರೆ ಪಡೆದು ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ ಮಾರ್ಗಸೂಚಿ ಕೊಟ್ಟಿತು.

ಪ್ರಶ್ನೆ: ‘1989ರಲ್ಲಿ ಒಪ್ಪಂದ ಮುರಿದುಬಿತ್ತು, ಕಾಫಿ ಬೆಲೆ ನೆಲ ಕಚ್ಚಿತು’ ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಯಾವುದೋ ದೇಶ ಸ್ಥಿರೀಕರಿಸದೆ ಹೋದದ್ದೇ ಕಾರಣವೇ? — ಬೆಳೆಗಾರರು, ಚಿಕ್ಕಮಗಳೂರು

ಉತ್ತರ: ಸ್ಥಿರೀಕರಣದ ಕೊರತೆ ಕಾರಣವಲ್ಲ, ಹಂಚಿಕೆಯ ಜಗಳ ಕಾರಣ. ಕಾಫಿ ಬೆಳೆಯುವ ಮತ್ತು ಕೊಳ್ಳುವ ದೇಶಗಳು ಸೇರಿ 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಮಾಡಿಕೊಂಡವು. ಬೆಳೆಯುವ ಪ್ರತಿ ದೇಶಕ್ಕೂ ರಫ್ತಿನ ಕ್ವೋಟಾ ಗೊತ್ತುಮಾಡಿ ಬೆಲೆ ಕುಸಿಯದಂತೆ ನೋಡಿಕೊಳ್ಳುವುದು ಅದರ ಗುರಿ. ಭಾರತವೂ ಅದರಲ್ಲಿತ್ತು. ಇಂಥ ಬಹುದೇಶೀಯ ಒಪ್ಪಂದ ಜಾರಿಗೆ ಬರಬೇಕಾದರೆ ನಿಗದಿಪಡಿಸಿದಷ್ಟು ರಫ್ತುದಾರ ದೇಶಗಳೂ ಆಮದುದಾರ ದೇಶಗಳೂ ಸ್ಥಿರೀಕರಿಸಬೇಕು; ಅದು 1963ರಲ್ಲಿ ಪೂರೈಸಿತು, ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಕಾಫಿ ಸಂಘಟನೆ ಸ್ಥಾಪನೆಯಾಯಿತು. ಅತಿ ದೊಡ್ಡ ಗಿರಾಕಿಯಾಗಿದ್ದ ಅಮೆರಿಕದಲ್ಲಿ ಸೆನೆಟ್ 1963ರಲ್ಲಿಯೇ ಒಪ್ಪಿದರೂ, ಅದನ್ನು ಬಂದರುಗಳಲ್ಲಿ ಜಾರಿಮಾಡುವ ಕಾನೂನು ಬಂದದ್ದು 1965ರಲ್ಲಿ. ಸ್ಥಿರೀಕರಣವಾದರೂ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಇದನ್ನು ನೋಡಬಹುದು.

1989ರ ಜುಲೈನಲ್ಲಿ ಸದಸ್ಯ ದೇಶಗಳು ಕ್ವೋಟಾ ಪಾಲಿನ ಬಗ್ಗೆ ಒಮ್ಮತಕ್ಕೆ ಬರಲಾಗದೆ ಅದನ್ನು ಅಮಾನತಿನಲ್ಲಿಟ್ಟವು. ತಡೆದಿಟ್ಟಿದ್ದ ಕಾಫಿಯೆಲ್ಲ ಮಾರುಕಟ್ಟೆಗೆ ನುಗ್ಗಿ ಕೆಲವೇ ತಿಂಗಳುಗಳಲ್ಲಿ ವಿಶ್ವ ಬೆಲೆ ಸುಮಾರು ಅರ್ಧಕ್ಕಿಳಿಯಿತು. ನಿಮ್ಮ ತಂದೆಯವರು ಹೇಳುತ್ತಿದ್ದುದು ಇದನ್ನೇ. ಒಪ್ಪಂದ ಕಾಗದದ ಮೇಲೆ ಉಳಿಯಿತು, ಅದರ ಬೆನ್ನೆಲುಬು ಹೋಯಿತು. ಆಮೇಲಿನ ಒಪ್ಪಂದಗಳಲ್ಲಿ ಕ್ವೋಟಾ ಇಲ್ಲ. 2007ರ ಸೆಪ್ಟೆಂಬರಿನಲ್ಲಿ ಅಂಗೀಕಾರವಾದ ಒಪ್ಪಂದ ಸಾಕಷ್ಟು ದೇಶಗಳ ಒಪ್ಪಿಗೆ ಕೂಡಿ ಜಾರಿಗೆ ಬಂದದ್ದು 2011ರ ಫೆಬ್ರವರಿ 2ರಂದು.

ಪ್ರಶ್ನೆ: ಕಾವೇರಿಯ 1924ರ ಒಪ್ಪಂದಕ್ಕೆ ಮೊದಲು ಮೈಸೂರಿನ ಪರವಾದ ಒಂದು ತೀರ್ಪಿತ್ತು, ಅದು ಸ್ಥಿರೀಕರಣದಲ್ಲಿ ಬಿದ್ದುಹೋಯಿತು ಎನ್ನುತ್ತಾರೆ. ನಿಜವೇ? — ಗೊರೂರು

ಉತ್ತರ: ಬಹುಮಟ್ಟಿಗೆ ನಿಜ. ಕನ್ನಂಬಾಡಿ ಕಟ್ಟೆಯ ವಿಚಾರದಲ್ಲಿ ಮೈಸೂರಿಗೂ ಮದ್ರಾಸಿಗೂ ಆದ ವಿವಾದವನ್ನು ನ್ಯಾಯಮೂರ್ತಿ ಎಚ್.ಡಿ. ಗ್ರಿಫಿನ್ ಅವರ ಮಧ್ಯಸ್ಥಿಕೆಗೆ ಒಪ್ಪಿಸಲಾಯಿತು. 1914ರಲ್ಲಿ ಅವರ ತೀರ್ಪು ಬಂತು. ಭಾರತ ಸರ್ಕಾರ ಅದನ್ನು ಸ್ಥಿರೀಕರಿಸಿತು. ಮದ್ರಾಸು ಅಷ್ಟಕ್ಕೆ ಬಿಡದೆ ಲಂಡನ್ನಿನಲ್ಲಿದ್ದ, ಬ್ರಿಟಿಷ್ ಸರ್ಕಾರದ ಭಾರತ ವ್ಯವಹಾರಗಳ ಮಂತ್ರಿಗೆ ಮೇಲ್ಮನವಿ ಸಲ್ಲಿಸಿತು, ಅಲ್ಲಿ ಆ ಸ್ಥಿರೀಕರಣ ನಿಲ್ಲಲಿಲ್ಲ. ಮತ್ತೆ ಮಾತುಕತೆ ನಡೆದು 1924ರ ಫೆಬ್ರವರಿ 18ರ ಒಪ್ಪಂದವಾಯಿತು. ಮೇಲಿನ ಅರಸೊತ್ತಿಗೆಯ ಕೆಳಗೆ ಸಂಸ್ಥಾನವೊಂದು ಕೊಟ್ಟ ಒಪ್ಪಿಗೆ ಎಷ್ಟು ಸ್ವತಂತ್ರವಾದದ್ದು ಎಂಬ ಪ್ರಶ್ನೆ ಅಂದಿನಿಂದಲೂ ನಮ್ಮ ಜನರ ಮನಸ್ಸಿನಲ್ಲಿದೆ. ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಆ ಒಪ್ಪಿಗೆ ಸ್ವತಂತ್ರವಾದದ್ದಲ್ಲ ಎಂಬ ವಾದವನ್ನು ಒಪ್ಪದೆ, ಇವೆರಡರ ನಡುವೆ ಅದಕ್ಕೂ ಹಿಂದೆ ಆಗಿದ್ದ 1892ರ ಮತ್ತು 1924ರ ಒಪ್ಪಂದಗಳು ಊರ್ಜಿತವಾಗಿದ್ದವೆಂದಿತು. ಆದರೆ 1924ರದ್ದು ಐವತ್ತು ವರ್ಷಗಳ ನಂತರ 1974ರಲ್ಲಿ ಮುಗಿಯಿತೆಂದೂ ಹೇಳಿತು. ನಿಮ್ಮೂರಿನ ಹೇಮಾವತಿಯೂ ಸೇರಿದಂತೆ ಕಾವೇರಿ ಕೊಳ್ಳದ ನೀರಿನ ಹಂಚಿಕೆ ಇಂದು ನಡೆಯುವುದು ಆ ಒಪ್ಪಂದದ ಮೇಲಲ್ಲ, ಕಾವೇರಿ ಜಲವಿವಾದ ನ್ಯಾಯಮಂಡಳಿಯ ಅಂತಿಮ ತೀರ್ಪನ್ನು ತಿದ್ದಿ ಕೋರ್ಟು ಕೊಟ್ಟ ಆದೇಶದ ಮೇಲೆ.

ಪ್ರಶ್ನೆ: ಶ್ರವಣಬೆಳಗೊಳದಲ್ಲಿರುವ, ವಿಜಯನಗರದ ಅರಸ ಬುಕ್ಕರಾಯನ ಶಾಸನವನ್ನು ಒಪ್ಪಂದದ ಸ್ಥಿರೀಕರಣ ಎನ್ನಬಹುದೇ? — ಚನ್ನರಾಯಪಟ್ಟಣ

ಉತ್ತರ: ಭಂಡಾರಿ ಬಸದಿಯಲ್ಲಿರುವ, ಶಕ 1290ರ ಅಂದರೆ ಕ್ರಿ.ಶ. 1368ರ ಆ ಶಾಸನವನ್ನು ಓದಿದವರಿಗೆ ಈ ಪ್ರಶ್ನೆ ಏಳುವುದು ಸಹಜ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವಾದಾಗ ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಯ ಜೈನರು ಅರಸನಿಗೆ ಬಿನ್ನಹ ಮಾಡಿದರು. ಬುಕ್ಕರಾಯ ಎರಡೂ ಕಡೆಯವರನ್ನು ಕೂಡಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಪಂಚಮಹಾವಾದ್ಯ ಮತ್ತು ಕಳಶಗಳು ಹಿಂದಿನ ಮರ್ಯಾದೆಯಂತೆ ಜೈನರಿಗೆ ಸಲ್ಲಬೇಕೆಂದು ವಿಧಿಸಿ, ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನೆಡಬೇಕೆಂದು ಕಟ್ಟಳೆ ಮಾಡಿದ. ಪ್ರತಿ ಜೈನ ಮನೆಯಿಂದ ವರ್ಷಕ್ಕೊಂದು ಹಣ (ಆಗಿನ ನಾಣ್ಯ) ಎತ್ತಿ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ನೇಮಿಸಿ, ಉಳಿದ ಹಣದಲ್ಲಿ ಬಸದಿಗಳನ್ನು ದುರಸ್ತಿ ಮಾಡಿಸುವ ಹೊಣೆ ಶ್ರೀವೈಷ್ಣವನಾದ ತಿರುಮಲೆಯ ತಾತಯ್ಯನದಾಯಿತು. ಅಂದರೆ ಒಪ್ಪಂದದ ಒಂದು ಪಕ್ಷದ ರಕ್ಷಣೆಯನ್ನು ಇನ್ನೊಂದು ಪಕ್ಷದವರ ಕೈಗೇ ಕೊಡಲಾಯಿತು.

ಇಷ್ಟನ್ನು ಅರಸನ ತೀರ್ಪು ಎನ್ನಬೇಕೇ ಹೊರತು ಸ್ಥಿರೀಕರಣ ಎನ್ನಲಾಗದು. ಆದರೆ ಕಲ್ಲಿನ ಮೇಲೆ ಆಮೇಲೆ ಸೇರಿದ ಒಂದು ಭಾಗವಿದೆ. ಕಲ್ಲೇಹದ ಬುಸುವಿಸೆಟ್ಟಿ ಎಂಬಾತ ಬುಕ್ಕರಾಯನಿಗೆ ಮತ್ತೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದ. ಎರಡು ಸಮಯದವರೂ (ಮತದವರೂ) ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ವಿಧಿಸಿದ ತೀರ್ಪನ್ನು ಅದರ ಭಾರ ಹೊತ್ತ ಎರಡೂ ಪಕ್ಷಗಳು ತಾವಾಗಿ ಕೂಡಿ ನಿಂತು ತಮ್ಮದೆಂದು ಹೇಳಿದ ಆ ಕೊನೆಯ ಕೆಲವು ಸಾಲುಗಳನ್ನೇ ನಾವು ಸ್ಥಿರೀಕರಣವೆಂದು ಕರೆಯುತ್ತೇವೆ. ಮುಂದಿನ ಬಾರಿ ಬಸದಿಗೆ ಹೋದಾಗ ಆ ಸಾಲುಗಳನ್ನು ಹುಡುಕಿ ನೋಡಿ.